ಇದ್ದೀನಿ, ಹೇಳು

"ಎಲ್ಲರೂ ಹೊಸ ಸೇವೆಗೆ ಹೋಗಿಯಾಯ್ತು. ಇನ್ನೂ ಎರಡು ಕಡೆಯಿಂದ ಹಳೇದನ್ನೇ ಕರೀತಿದ್ದಾರಲ್ಲ, ಯಾರಮ್ಮ ಈ ಬೆನ್ನುಬಿಡದ ಬೇತಾಳಗಳು?" ಎಂದು ತಂಡದ ಹಿರಿಯರು ಪರದೆಯ ಮೇಲೆ ಬೆರಳಿಟ್ಟು ಕೇಳಿದಾಗ, ಅವಳ ಮೌಸು ಹಳೇ ಸೇವೆಯನ್ನು ಮುಚ್ಚುವ ಗುಂಡಿಯ ಮೇಲಿತ್ತು.

ವಿಳಾಸ ಸರಿಯಿದೆಯೇ ಎಂದು ನೋಡಿ ಹೇಳುವ ಆ ಹಳೇ ಪುಟ್ಟ ವೆಬ್ ಸೇವೆಯನ್ನು ಬರೆದವನು ಅವಳ ಗಂಡ. ಹದಿನಾಲ್ಕು ತಂಡಗಳು ಅದನ್ನೇ ತಮ್ಮ ತಮ್ಮ ಸಾಫ್ಟ್‌ವೇರಿಗೆ ಜೋಡಿಸಿಕೊಂಡಿದ್ದವು. ಕೆಲಸಕ್ಕೆ ಮುಂಚೆ ಯಾವ ಪ್ರೋಗ್ರಾಂ "ಇದ್ದೀಯಾ?" ಎಂದು ವಿಚಾರಿಸಿದರೂ ಅದು "ಇದ್ದೀನಿ, ಹೇಳು" ಎಂದು ಉತ್ತರ ಕಳಿಸುತ್ತಿತ್ತು. ಫೋನೆತ್ತಿದಾಗ ಅವನು ಹೇಳುತ್ತಿದ್ದುದೂ ಅದನ್ನೇ. ಅವನು ತೀರಿಹೋಗಿ ಎಂಟು ತಿಂಗಳು. ಕರೆಯುವವರು ಒಬ್ಬರಿದ್ದರೂ ಸೇವೆಯನ್ನು ಮುಚ್ಚಬಾರದೆಂಬುದು ಅವರ ಕಚೇರಿಯ ನಿಯಮ.

"ಒಂದು ನನ್ನದೇ ಸರ್," ಎಂದಳು. ನಿಮಿಷಕ್ಕೊಮ್ಮೆ "ಇದ್ದೀಯಾ?" ಎಂದು ಕೇಳುವ ನಾಲ್ಕು ಸಾಲಿನ ಪ್ರೋಗ್ರಾಂ ಅವಳ ಕಂಪ್ಯೂಟರಿನಲ್ಲಿತ್ತು. ಹಿರಿಯರು ಮತ್ತೆ ತಮಾಷೆ ಮಾಡಲಿಲ್ಲ. ಅವಳೇ ಅದನ್ನು ನಿಲ್ಲಿಸಿದಳು. ಪರದೆಯಲ್ಲಿ ಎರಡು ಹೋಗಿ ಒಂದಾಯಿತು.

ಉಳಿದ ಆ ಒಂದನ್ನು ತೆರೆದರೆ, ಅವನ ಫೋನಿನ ಹೆಸರು. ಬೀರುವಿನಲ್ಲಿ ಸತ್ತು ಬಿದ್ದಿದೆ ಎಂದುಕೊಂಡಿದ್ದ ಫೋನು. ಮನೆಗೆ ಕರೆ ಮಾಡಿದಳು. "ಅತ್ತೆ, ಅವರ ಫೋನ್ ಎಲ್ಲಿದೆ?"

"ನನ್ನ ದಿಂಬಿನ ಹತ್ರ ಕಣೇ. ದಿನಾ ಚಾರ್ಜಿಗೆ ಹಾಕ್ತೀನಿ. ಅವನೇನೋ ಹಾಕಿಟ್ಟಿದ್ದಾನೆ ನೋಡು, ಒತ್ತಿದಾಗಲೆಲ್ಲ ಇದ್ದೀನಿ ಅಂತ ಬರುತ್ತೆ. ನಿನಗೆ ಹೇಳಿದರೆ ಅಳ್ತೀಯ ಅಂತ ಸುಮ್ಮನಿದ್ದೆ."

ಅವಳು ಮೌಸಿನಿಂದ ಕೈ ತೆಗೆದಳು. "ಇವತ್ತು ಮುಚ್ಚೋಕಾಗಲ್ಲ ಸರ್. ಇನ್ನೂ ಒಬ್ಬರಿದ್ದಾರೆ."