ಅಮಾವಾಸ್ಯೆಯ ಅಪ್‌ಡೇಟ್

"ಹೊಸ ಕಂಪ್ಯೂಟರಿಗಿ ನಲವತ್ತು ಸಾವಿರ ಬೇಕು. ಇದನ್ನ ಗುಜರಿಗಿ ಹಾಕಿದ್ರ ನಾನೂರು ಬರ್ತದ. ನೀವ ಲೆಕ್ಕಾ ಹಾಕ್ರಿ ವೈನಿ," ಎಂದ ಮೈದುನ ಬಸಲಿಂಗ. ಶಹಾಪುರದ ಆ ಕೋಣೆಯಲ್ಲಿ ಗುರುದೇವಿ ಇದೇ ಕಂಪ್ಯೂಟರಿನಿಂದ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ನಡೆಸುತ್ತಿದ್ದಳು. ಅಂಗಡಿ ನಡೆಯುವ ತನಕ ಕೋಣೆ ಅವಳದು, ನಿಂತ ದಿನ ಅವನದು ಎಂದು ಹಿರಿಯರ ಮುಂದೆ ಮಾತಾಗಿತ್ತು. ಬಸಲಿಂಗ ಆಗಲೇ ಮೊಬೈಲ್ ಅಂಗಡಿಯವನೊಬ್ಬನನ್ನು ಕೋಣೆ ಬಾಡಿಗೆಗೆ ಕೊಡಲೆಂದು ಕರೆತಂದಿದ್ದ.

ಪ್ರತಿ ಅಮಾವಾಸ್ಯೆಗೆ ಗುರುದೇವಿ ಕಂಪ್ಯೂಟರ್ ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆದು, ಅದೂ ಪೂಜೆಯ ಭಾಗವೇ ಎಂಬಂತೆ ಅಪ್‌ಡೇಟನ್ನೂ ಹಾಕುತ್ತಿದ್ದಳು. ನಿನ್ನೆಯ ಅಪ್‌ಡೇಟ್ ಹೊಸ ಕರ್ನೆಲ್ ತಂದಿತ್ತು, ಅಂದರೆ ಯಂತ್ರವನ್ನು ಎಬ್ಬಿಸಿ ನಡೆಸುವ ತಿರುಳು. ಬೆಳಿಗ್ಗೆಯಿಂದ ಪರದೆ ಕಪ್ಪಾಗಿಯೇ ಇತ್ತು.

"ಅಮಾಸಿ ದಿನ ಕೈ ಹಚ್ಚಿದ್ರ ಹಿಂಗ ಆಗ್ತದ. ಸತ್ತದ್ದು ಏಳಂಗಿಲ್ಲ, ಬಿಡ್ರಿ," ಎಂದ ಬಸಲಿಂಗ.

"ಸತ್ತದ ಅಂತ ಹೇಳಾಕ ನೀ ಯಾವ ಡಾಕ್ಟರಪ್ಪ?" ಎನ್ನುತ್ತ ಗುರುದೇವಿ ಗುಂಡಿ ಒತ್ತಿ, ಶಿಫ್ಟ್ ಕೀಲಿಯನ್ನು ಬಿಡದೆ ಅದುಮಿ ಹಿಡಿದಳು. ಯಾವ ಕರ್ನೆಲ್‌ನಿಂದ ಏಳಬೇಕೆಂದು ಕೇಳುವ ಸಾಲುಗಳು ಪರದೆಯ ಮೇಲೆ ಮೂಡಿದವು. ಮೇಲೆ ಹೊಸ ಕರ್ನೆಲ್, ಅದರ ಕೆಳಗೆ ಹಳೆಯದು. ಅಪ್‌ಡೇಟ್ ಹಳೆಯದನ್ನು ಅಳಿಸಿರಲಿಲ್ಲ.

"ಹೊಸದ ಒತ್ರಿ ಅಕ್ಕಾ, ಹೊಸದು ಛಲೋ ಇರ್ತದ," ಎಂದ ಮೊಬೈಲ್ ಅಂಗಡಿಯವ.

"ಆ ಹೊಸದ ಇದನ್ನ ಮಲಗಿಸಿದ್ದು," ಎಂದು ಅವಳು ಕೆಳಗಿನ ಸಾಲಿಗೆ ಇಳಿದು ಎಂಟರ್ ಒತ್ತಿದಳು. ಅಕ್ಷರಗಳು ಓಡಿದವು, ಪರದೆ ಬೆಳಗಿತು. ಅವಳು ತಿರುಗಿಯೂ ನೋಡದೆ ಹೇಳಿದಳು: "ಬಸಲಿಂಗ, ನಿನ್ನ ಗಿರಾಕಿಗಿ ಛಾ ಕುಡಿಸಿ ಕಳಸು. ನಾ ಕೋಣಿ ಬಿಡಂಗಿಲ್ಲ."

ಕೋಣೆ ಅವಳಿಗೆ ಉಳಿಯಿತು. ಬಸಲಿಂಗ ಅಂದಿನಿಂದ ಅವಳ ಮನೆಗೆ ಬರುವುದನ್ನು ಬಿಟ್ಟ.