ಹೊಳೆ ಏರಿದ ಸಂಜೆ ರಾಹೇಲವ್ವ ಮಾಡಿದ ಪ್ರಾರ್ಥನೆ

ಡ್ಯಾಮಿನ ಗೇಟು ತೆರೆದಿದ್ದಾರೆ ಅನ್ನೋ ಸುದ್ದಿ ಬರುವ ಹೊತ್ತಿಗೆ ಹೊಳೆ ಸೇತುವೆಯನ್ನು ನುಂಗಿಯಾಗಿತ್ತು...

ಕಲ್ಲು ಕ್ವಾರಿಯ ಮಾಲೀಕ ಜಯಾನಂದನ ಒಬ್ಬಳೇ ಮಗಳು ಕೃಪಾ ಆಚೆ ದಡದ ಶಾಲೆಯಲ್ಲಿ ಸಿಕ್ಕಿಬಿದ್ದಿದ್ದಳು.

"ಅಪ್ಪಾ, ಕ್ಲಾಸಿನೊಳಗ ನೀರು ಬಂತು..." ಅಂದಿದ್ದೇ ಕೊನೆ. ಫೋನ್ ಸ್ವಿಚ್ ಆಫ್.

ಜಯಾನಂದ ದೊಡ್ಡವರಿಗೆಲ್ಲ ಫೋನ್ ಮಾಡಿದ. ಆದರೆ ಹೊಳೆಯ ಹತ್ತಿರ ಯಾರ ಇನ್‌ಫ್ಲುಯೆನ್ಸೂ ನಡೆಯೋದಿಲ್ಲ ನೋಡಿ...

ಕೊನೆಗೆ ಸಿಕ್ಕಿದ್ದು ಒಬ್ಬ ಹರಿಗೋಲಿನವನು.

"ಈ ಸೆಳವಿನಾಗ ಹೋದ್ರ ತಿರುಗಿ ಬರೂದು ಕಷ್ಟ ಐತ್ರೀ ಸಾಹೇಬ್ರ..."

"ಮಾತ ಬ್ಯಾಡ! ಮೊದಲ ಹುಟ್ಟು ಹಾಕು!" ಜಯಾನಂದ ಗದರಿದ.

ಆತ ದಿಬ್ಬದ ಮೇಲಿನ ಚರ್ಚಿನ ಕಡೆ ಒಮ್ಮೆ ನೋಡಿ ಹೊರಟುಹೋದ.

ಹೋದವನ ಸುಳಿವೇ ಇಲ್ಲ. ಹೊತ್ತು ಮುಳುಗುತ್ತಿತ್ತು. ಕೊರಳಲ್ಲಿ ಹಗ್ಗವಿದ್ದ ಎಮ್ಮೆಯೊಂದು ತೇಲಿಹೋಯಿತು... ಅದರ ಹಿಂದೆ ಯಾರದೋ ಮನೆಯ ಬಾಗಿಲು.

ಮನೆಗೆ ನೀರು ನುಗ್ಗಿದವರೆಲ್ಲ ಚರ್ಚಿನಲ್ಲಿ ಕೂತಿದ್ದರು. ಕ್ರಿಸ್ಮಸ್ಸಿಗೆ ಮಾತ್ರ ಆ ಮೆಟ್ಟಿಲು ಹತ್ತುತ್ತಿದ್ದ ಜಯಾನಂದ, ದಿಕ್ಕು ತೋಚದೆ ಕೊನೆಯ ಬೆಂಚಿನಲ್ಲಿ ಕುಸಿದ.

ಪಕ್ಕದಲ್ಲಿ ಮುದುಕಿಯೊಬ್ಬಳಿದ್ದಳು. ಸಂತೆಯಲ್ಲಿ ರೊಟ್ಟಿ ಮಾರುವ ರಾಹೇಲವ್ವ.

"ಏನ್ರೀ ನಿಮ್ಮ ಸಂಕಟ?" ಅಂತ ಕೇಳಿದಳು.

ಅದು ಆ ಚರ್ಚಿನ ಪದ್ಧತಿ. ಅಲ್ಲಿ ಒಟ್ಟಿಗೆ ಕೂತಾಗ ಪಕ್ಕದವರ ಸಂಕಟ ಕೇಳಿಕೊಂಡು, ಅವರ ಪರವಾಗಿ ಪ್ರಾರ್ಥಿಸುತ್ತಾರೆ.

ಜಯಾನಂದ ಹೇಳಿದ. ಮುದುಕಿ ಕಣ್ಣು ಮುಚ್ಚಿದಳು.

"ಯೇಸಪ್ಪಾ, ಕೃಪಾನ ಕೈ ಬಿಡಬ್ಯಾಡ... ಕೂಸು ಹೆದರಿರತೈತಿ, ಅದರ ಬಾಜೂಕ ಕುಂದುರು..." ಹೆತ್ತವಳ ಹಾಗೆ ಬೇಡಿಕೊಂಡಳು.

ನೀರು ಚರ್ಚಿನ ಕೆಳಗಿನ ಮೆಟ್ಟಿಲು ಮುಟ್ಟಿತು... ಅವಳ ಮುಖ ಮಾತ್ರ ಹಾಗೇ ಶಾಂತವಾಗಿತ್ತು. ಜಯಾನಂದನಿಗೆ ತಡೆಯಲಾಗಲಿಲ್ಲ.

"ನಿಮಗೇನವ್ವಾ, ಆರಾಮ ಕುಂತೀರಿ! ನಿಮ್ಮವರು ಯಾರರ ನೀರಾಗ ಇದ್ದಿದ್ರ ಗೊತ್ತಾಗ್ತಿತ್ತು!"

ಮುಂದಿನ ಬೆಂಚಿನವರೊಬ್ಬರು ತಿರುಗಿ ಮೆಲ್ಲಗೆ ಹೇಳಿದರು...

"ನಿಮ್ಮ ಮಗಳನ್ನ ತರಾಕ ಹೋದಾನಲ್ರೀ... ಅವ ಈಕಿ ಮಗ. ಇರೋ ಒಬ್ಬನೇ ಮಗ."

ಜಯಾನಂದ ಮುದುಕಿಯ ಕಡೆ ತಿರುಗಿದ.

"ಅವ್ವಾ... ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲಲ್ರೀ..." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅವನ್ನ ಯೇಸಪ್ಪನ ಕೈಯಾಗ ಕೊಟ್ಟು ಕಳಿಸೀನಿ. ಅಂಜಿಕಿ ಇಲ್ಲಂತಲ್ಲ... ಆದ್ರ ನಾ ಒಬ್ಬಾಕೇನ ಅಂಜಾಕತ್ತಿಲ್ಲ. ಯೇಸಪ್ಪ ನನ್ನ ಜೋಡಿ ಅದಾನ."

ಆಗ ಜಯಾನಂದ ನೋಡಿದ. ಸೆರಗಿನ ತುದಿಯನ್ನು ಅವಳು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು.

ಅವನು ಮೊಣಕಾಲೂರಿದ. ಪ್ರಾರ್ಥಿಸಬೇಕು... ಆದರೆ ತಾನೇ ಗದರಿಸಿ ಸಾವಿನ ಬಾಯಿಗೆ ಕಳಿಸಿದವನ ಹೆಸರೂ ಅವನಿಗೆ ಗೊತ್ತಿರಲಿಲ್ಲ!

"ಅವ್ವಾ... ನಿಮ್ಮ ಮಗನ ಹೆಸರೇನು?"

"ಯೆಶಾಯ."

"ಯೇಸುವೇ... ಯೆಶಾಯನ್ನ ಉಳಿಸು..." ಚಿಕ್ಕ ಮಗುವಿನಂತೆ ಅತ್ತು ಬೇಡಿದ.

ಹೊರಗೆ ಹೊಳೆ ಮೊರೆಯುತ್ತಲೇ ಇತ್ತು. ಆದರೂ ಆ ಸಂಜೆ ಮೊದಲ ಬಾರಿಗೆ ಅವನಿಗೆ ಉಸಿರು ಸರಾಗವಾಗಿ ಬಂತು...

ಕತ್ತಲು ಕವಿಯುವಾಗ "ಅಪ್ಪಾ!" ಅನ್ನೋ ದನಿ ಕೇಳಿಸಿತು.

ಹರಿಗೋಲು ಚರ್ಚಿನ ಮೆಟ್ಟಿಲಿಗೇ ಬಂದು ತಾಗಿತು. ಒಳಗೆ ಒದ್ದೆಮುದ್ದೆಯಾದ ಕೃಪಾ... ಅವಳ ಹಿಂದೆ, ಅಂಗೈಯೆಲ್ಲ ಸುಲಿದುಹೋಗಿದ್ದರೂ ಹುಟ್ಟು ಬಿಡದ ಯೆಶಾಯ.

ಅಷ್ಟು ಹೊತ್ತು ಅಳದಿದ್ದ ರಾಹೇಲವ್ವ ಆಗ ಗೊಳೋ ಅಂತ ಅತ್ತು ಕುಸಿದಳು. ಅವಳು ಬೀಳದ ಹಾಗೆ ಹಿಡಿದುಕೊಂಡವನು ಜಯಾನಂದ.

✝️ ನೀರು ಏರುವಾಗಲೂ ಒಬ್ಬರೇ ಅಂಜಬೇಕಾಗಿಲ್ಲ ಅನ್ನೋ ನಂಬಿಕೆಗೇ ಶಾಂತಿ ಅಂತ ಹೆಸರು.

ನಿಮ್ಮ ಪಕ್ಕದಲ್ಲಿ ಸುಮ್ಮನೆ ಕೂತವರ ಸಂಕಟ ಏನು ಅಂತ ನೀವು ಇವತ್ತು ಕೇಳಿದ್ದೀರಾ?