ಕಲ್ಲಿನ ಜೊತೆ ಬಂದದ್ದು

ಗಂಡ ಉಪ್ಪುನೀರಿನ ಮೀನುತೊಟ್ಟಿಯಿಂದ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ ಕಲ್ಲಿನ ತೂತಿನಿಂದ ಹಸಿರು ಸೀಗಡಿಯಂಥದ್ದೊಂದು ಇಣುಕಿತು. ಅದರ ಕತ್ತಿಯಂಥ ಮುಂಗಾಲಲ್ಲಿ ಬೆಳಿಗ್ಗೆ ಕಾಣೆಯಾಗಿದ್ದ ಕಿತ್ತಳೆ ಮೀನಿನ ಬಾಲವಿತ್ತು. ಹೆಂಡತಿಯ ಮೈಯೆಲ್ಲ ಉರಿದುಹೋಯಿತು. ಸಮುದ್ರದಿಂದ ತರಿಸಿದ ಆ ಕಲ್ಲಿನೊಳಗೆ ಏನಾದರೂ ಅಡಗಿದೆಯೇ ಎಂದು ಬೇರೆ ನೀರಿನಲ್ಲಿಟ್ಟು ನೋಡದೆ, ಬಂದ ದಿನವೇ ತೊಟ್ಟಿಗಿಳಿಸಿದವನು ಅವನು. ಮೀನುಗಳು ಒಂದೊಂದಾಗಿ ಮಾಯವಾದಾಗ ಬೈಸಿಕೊಂಡವಳು ಇವಳು. ತೊಟ್ಟಿಗೆ ಸೋಪಿನ ಕೈ ಅದ್ದಿದ್ದಾಳೆಂದು ನೆಂಟರೆದುರೇ ಅವಳ ಮಾನ ಕಳೆದು, ಗಾಜಿನ ಮೇಲೆ ‘ನೀನು ಮುಟ್ಟಬೇಡ’ ಎಂಬ ಚೀಟಿಯನ್ನೂ ಅಂಟಿಸಿದ್ದ.

“ಎಷ್ಟು ಚೆನ್ನಾಗಿದೆ ನೋಡೇ! ಇದಕ್ಕೇ ಅಂತ ಬೇರೆ ತೊಟ್ಟಿ ಮಾಡಿಸ್ತೀನಿ,” ಎಂದು ಅವನು ಹಿಗ್ಗಿದ.

“ಮೀನೆಲ್ಲ ನುಂಗಿದ್ದು ಇದೇ ಅಲ್ವಾ?”

“ಪಾಪ, ಅದರ ಸ್ವಭಾವ ಕಣೇ. ಅದನ್ನ ಬೈದು ಏನು ಪ್ರಯೋಜನ?”

ಅಷ್ಟರಲ್ಲಿ ಅದು ಪೂರ್ತಿ ಹೊರಬಂದು ಅವನ ಹೆಬ್ಬೆರಳಿನತ್ತ ತೆವಳಿತು. ಕಲ್ಲು ಕೈಬಿಟ್ಟರೆ ಕೆಳಗಿನ ತೊಟ್ಟಿಯ ಗಾಜು ಚೂರುಚೂರು.

“ಅಯ್ಯೋ, ಬೆರಳು ಸೀಳಿಬಿಡುತ್ತೆ! ಬಕೆಟ್ಟು ಈ ಕಡೆ ತಳ್ಳೇ, ಬೇಗ!”

ಅವಳು ಬಕೆಟ್ಟನ್ನು ಮುಟ್ಟಲಿಲ್ಲ. ಗಾಜಿನ ಮೇಲಿದ್ದ ಚೀಟಿಯನ್ನು ಕಿತ್ತು ಅವನ ಹಣೆಗೆ ಅಂಟಿಸಿ, ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

“ಅದನ್ನ ಬೈಬೇಡಿ. ಪಾಪ, ಅದರ ಸ್ವಭಾವ.”